ಚೆಂಗ್ಡು ಶೈಲಿಯ ತಣ್ಣನೆಯ ಕೋಳಿ ನೂಡಲ್ಸ್: ಕೆಲಸ ಎಲ್ಲಿಗೆ ಬಂದಿದೆ

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ ಬೇಸಿಗೆಯ ತಿನಿಸಾದ ‘ಜೀ ಸಿ ಲಿಯಾಂಗ್ ಮಿಯೆನ್’, ಅಂದರೆ ಕೋಳಿಮಾಂಸದ ಎಳೆಗಳನ್ನು ಹಾಕಿದ ತಣ್ಣನೆಯ ನೂಡಲ್ಸ್, ಮನೆಯಲ್ಲಿಯೇ ಸರಿಯಾದ ಹದದಲ್ಲಿ ಮಾಡುವುದನ್ನು ಕಲಿಯುತ್ತಿದ್ದೇನೆ. ನೂಡಲ್ಸ್ ಮತ್ತು ಕೋಳಿ ಕೈಗೆ ಹತ್ತಿವೆ. ಸಾಸಿನಲ್ಲಿ ಒಂದು ಅಂಶ ಬಾಕಿ ಉಳಿದಿದೆ.

ನೂಡಲ್ಸಿನ ಬಗ್ಗೆ ನನ್ನ ತೀರ್ಮಾನ ಖಚಿತವಾಗಿದೆ: ಬೆಂದ ಮೇಲೆ ಅದನ್ನು ತಣ್ಣೀರಿನಲ್ಲಿ ತೊಳೆಯಬಾರದು. ಜಪಾನಿನ ತಣ್ಣನೆಯ ನೂಡಲ್ಸಾದ ಹಿಯಾಶಿ ಚೂಕಾಗೆ ತೊಳೆಯುವುದೇ ಕ್ರಮ, ಆದರೆ ಚೆಂಗ್ಡುವಿನ ಎಳ್ಳಿನ ಸಾಸು ಗಟ್ಟಿಯಾದುದರಿಂದ ಎಳೆಗಳಿಗೆ ಅಂಟಿದ ನೀರು ಅದನ್ನು ಸಪ್ಪೆ ಮಾಡಿಬಿಡುತ್ತದೆ. ನಡುವೆ ತುಸು ಗಟ್ಟಿ ಇರುವಾಗಲೇ ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿ, ಎಣ್ಣೆ ಸವರಿ, ಫ್ಯಾನಿನ ಗಾಳಿಗೆ ಒಡ್ಡಿ ಚಾಪ್‌ಸ್ಟಿಕ್ಕಿನಿಂದ ಎತ್ತಿ ಎತ್ತಿ ಬಿಡಬೇಕು. ಉಳಿದ ಬಿಸಿಯಲ್ಲಿ ಒಳಗಿನ ಗಟ್ಟಿತನ ಬೇಯುತ್ತದೆ, ಹಬೆಯಾಗಿ ತೇವ ಹೋಗುತ್ತದೆ, ಪ್ರತಿ ಎಳೆಯೂ ಬಿಡಿಬಿಡಿಯಾಗಿ ಹೊಳೆಯುತ್ತದೆ. ಅಲ್ಲಿನ ನೂಡಲ್ಸಿನ ಹಿಟ್ಟಿಗೆ ಕ್ಷಾರದ ನೀರು ಸೇರಿರುತ್ತದೆ. ಹಳದಿ ಬಣ್ಣವೂ ಪುಟಿಯುವ ಗುಣವೂ ಅದರಿಂದ ಬರುತ್ತವೆ. ನಮ್ಮ ಅಂಗಡಿಯ ಒಣ ನೂಡಲ್ಸಿಗೆ ಎರಡು ಲೀಟರ್ ಕುದಿಯುವ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದರೆ ಆ ಗುಣ ಸಾಕಷ್ಟು ಬರುತ್ತದೆ. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆಯನ್ನೇ ಇಡಬೇಕು.

ಕೋಳಿಗೆ ಮೂಳೆ ಮತ್ತು ಚರ್ಮ ಇರುವ ಕಾಲಿನ ಭಾಗವೇ ಸೂಕ್ತ. ಶುಂಠಿ, ಈರುಳ್ಳಿ ಸೊಪ್ಪು ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಒಲೆ ಆರಿಸಿ ಮುಚ್ಚಿಡುತ್ತೇನೆ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ಎಂದು ಥರ್ಮಾಮೀಟರಿನಲ್ಲಿ ನೋಡಿದ ಮೇಲೆ ಬೆಂದ ನೀರಿನಲ್ಲಿಯೇ ಆರಲು ಬಿಡುತ್ತೇನೆ. ಸಿಚುವಾನಿನ ಬ್ಯಾಂಗ್ ಬ್ಯಾಂಗ್ ಕೋಳಿಯಲ್ಲಿ ಮಾಂಸವನ್ನು ಕೋಲಿನಿಂದ ಬಡಿದು ಸಡಿಲಿಸುತ್ತಾರೆ. ನಾನು ಲಟ್ಟಣಿಗೆಯಿಂದ ಹಗುರಾಗಿ ಬಡಿದು ಕೈಯಿಂದ ಸೀಳುತ್ತೇನೆ, ಏಕೆಂದರೆ ಚಾಕುವಿನಿಂದ ಕತ್ತರಿಸಿದ ನುಣುಪು ಮೈಗಿಂತ ಹರಿದ ಒರಟು ಅಂಚು ಸಾಸನ್ನು ಹೆಚ್ಚು ಹಿಡಿಯುತ್ತದೆ.

ಸಾಸಿನ ಜೀವ ಎಳ್ಳು. ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದು, ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ಅರೆಯಬೇಕು. ಈ ಮುದ್ದೆಗೆ ಕೋಳಿ ಬೆಂದ ನೀರನ್ನು ಚಮಚ ಚಮಚವಾಗಿ ಸೇರಿಸಿದಾಗ ಅದು ಮೊದಲು ಗಂಟುಕಟ್ಟಿ ಬಣ್ಣ ಬಿಳಿಚಿಕೊಳ್ಳುತ್ತದೆ. ಕೆಟ್ಟುಹೋಯಿತೆಂದು ಕೈಬಿಡದೆ ಇನ್ನೆರಡು ಚಮಚ ಹಾಕಿ ಕಲಸಿದರೆ ಸಡಿಲಗೊಂಡು ನಯವಾದ ಕೆನೆಯಾಗುತ್ತದೆ. ಆಮೇಲೆ ಸೋಯಾ ಸಾಸ್, ಕಪ್ಪು ವಿನೆಗರ್, ಸಕ್ಕರೆ, ಬೆಳ್ಳುಳ್ಳಿ ಜಜ್ಜಿ ನೆನೆಸಿದ ನೀರು ಸೇರುತ್ತವೆ. ಖಾರದೆಣ್ಣೆಗೆ ಬ್ಯಾಡಗಿ ಮೆಣಸಿನಕಾಯಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಸಿಚುವಾನಿನವರು ಬಯಸುವುದೂ ಇಂತಹ ಕಡುಕೆಂಪು ಬಣ್ಣ, ಪರಿಮಳ ಮತ್ತು ಮಿತವಾದ ಖಾರವನ್ನೇ.

ಬಾಕಿ ಉಳಿದಿರುವುದು ನಾಲಿಗೆಯನ್ನು ಜೋಮು ಹಿಡಿಸುವ ಹುವಾಜಿಯಾವ್, ಅಂದರೆ ಸಿಚುವಾನ್ ಪೆಪ್ಪರ್ ಎಂಬ ಮಸಾಲೆ ಕಾಯಿ. ಇದೇ ಕುಲದ ಜುಮ್ಮಿನಕಾಯಿ ಪಶ್ಚಿಮ ಘಟ್ಟದಲ್ಲಿ ಬೆಳೆಯುತ್ತದೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ತೆಪ್ಪಳವೆಂದು ಬಂಗುಡೆ ಸಾರಿಗೆ ಹಾಕುತ್ತಾರೆ. ಎರಡರಲ್ಲಿಯೂ ಕಪ್ಪು ಬೀಜ ತೆಗೆದು ಸಿಪ್ಪೆಯನ್ನಷ್ಟೇ ಬಳಸಬೇಕು. ಹುರಿದು ಪುಡಿ ಮಾಡಿ ಹಾಕಿದ ಜುಮ್ಮಿನಕಾಯಿಯ ಕಿತ್ತಳೆ ಸಿಪ್ಪೆಯಂತಹ ಘಾಟು ಎಳ್ಳನ್ನು ಮುಚ್ಚುತ್ತದೆ, ಜೋಮು ಮಾತ್ರ ನಿರೀಕ್ಷಿಸಿದಷ್ಟು ಬರುವುದಿಲ್ಲ. ಸಿಚುವಾನಿನಲ್ಲಿ ಹುವಾಜಿಯಾವನ್ನು ಎಣ್ಣೆಗೆ ಇಳಿಸಿ ಬಳಸುವ ರೂಢಿಯೂ ಇರುವುದರಿಂದ, ಮುಂದಿನ ಬಾರಿ ಜುಮ್ಮಿನಕಾಯಿಯ ಸಿಪ್ಪೆಯನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿ, ಸೋಸಿ, ಆ ಎಣ್ಣೆಯನ್ನೇ ನೂಡಲ್ಸಿಗೆ ಸವರಿ ನೋಡುತ್ತೇನೆ. ಸೌತೆಕಾಯಿಯ ಎಳೆಗಳೂ ಬಿಸಿನೀರಿನಲ್ಲಿ ಅದ್ದಿ ತೆಗೆದ ಹೆಸರುಕಾಳಿನ ಉದ್ದ ಮೊಳಕೆಯೂ ಈಗಿನಂತೆಯೇ ಇರುತ್ತವೆ.