ಎಡಗಡೆ ನಮ್ಮ ಕರಾವಳಿ

ಮುಂಬಯಿಯಿಂದ ಕೊಚ್ಚಿಗೆ ಹೊರಡುವ ಪ್ರವಾಸಿ ಹಡಗು ಎರಡನೆಯ ದಿನ ಎಲ್ಲಿಯೂ ನಿಲ್ಲುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನೀರು ಬಿಟ್ಟರೆ ಬೇರೇನೂ ಕಾಣದ ಆ ದಿನವನ್ನು ಹಡಗಿನವರು ಹಾಡು, ಜಾದೂ, ಆಟ, ಊಟಗಳಿಂದ ತುಂಬಿಸಿಡುತ್ತಾರೆ. ಟಿಕೆಟ್ ಮಾಡಿಸುವಾಗ ನಮ್ಮ ಗುಂಪಿನಲ್ಲಿ ಆ ದಿನದ ಬಗ್ಗೆಯೇ ತಕರಾರು ಬಂದಿತ್ತು. ಇಷ್ಟು ದುಡ್ಡು ಕೊಟ್ಟು ನೀರು ನೋಡಬೇಕೇ, ನಮ್ಮೂರಿನ ಕಡಲು ಸಾಲದೇ ಎಂದು ಬ್ಯಾಂಕಿನ ಗೆಳತಿ ಕೇಳಿದಳು. ಭೂಗೋಳ ಪಾಠ ಮಾಡಿ ನಿವೃತ್ತಳಾದ ಗೆಳತಿ ನಕಾಶೆ ಬಿಡಿಸಿ, "ಆ ದಿನಕ್ಕಾಗಿಯೇ ಹೋಗಬೇಕು ಮಾರಾಯ್ತಿ. ಅವತ್ತು ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿ ಪೂರ್ತಿ ಎಡಗಡೆ ಇರುತ್ತದೆ" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ನಾವು ನಾಲ್ವರೂ ಹೊನ್ನಾವರದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಟೀಚರ್ ಕಾರವಾರದವಳು, ಬ್ಯಾಂಕಿನವಳು ಕುಮಟೆ ಕಡೆಯವಳು, ಇನ್ನೊಬ್ಬಳು ಭಟ್ಕಳ, ನಾನು ಹೊನ್ನಾವರದ ಪಕ್ಕದ ಕಾಸರಕೋಡು. ಓದು ಮುಗಿದ ಮೇಲೆ ನಾವು ಒಟ್ಟಾಗಿ ಸೇರಿದ್ದೆಲ್ಲ ಯಾರದೋ ಮದುವೆಯಲ್ಲಿ, ಇಲ್ಲವೇ ಆಸ್ಪತ್ರೆಯಲ್ಲಿ. ಎರಡೂ ಕಡೆ ಮನಸ್ಸು ಬಿಚ್ಚಿ ಮಾತಾಡಲು ಆಗುವುದಿಲ್ಲ. ಒಬ್ಬರೂ ನಡುವೆ ಎದ್ದು ಮನೆಗೆ ಹೋಗಲಾಗದ ಜಾಗ ಬೇಕಿತ್ತು ನಮಗೆ.

ಬಲ್ಲಾರ್ಡ್ ಪಿಯರ್‌ನಲ್ಲಿ ವಿಮಾನ ನಿಲ್ದಾಣದಂತೆಯೇ ತಪಾಸಣೆ. ಹಡಗು ಹತ್ತಿದ ಕೂಡಲೇ ಸುರಕ್ಷತೆಯ ಕವಾಯತು. ಏಳು ಸಣ್ಣ ಸೈರನ್, ಕೊನೆಗೊಂದು ಉದ್ದನೆಯದು; ಅದು ಕೇಳಿಸಿದರೆ ಕೈಯಲ್ಲಿರುವುದನ್ನು ಬಿಟ್ಟು ನಿಗದಿಯಾದ ಜಾಗಕ್ಕೆ ಹೋಗಿ ನಿಲ್ಲಬೇಕು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತ ಮೇಲೆ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಕವಾಯತು ನಡೆಯಲೇಬೇಕೆಂಬ ನಿಯಮ ಬಿಗಿಯಾಯಿತು. ಸುತ್ತಲಿನವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕಡಲತೀರದಲ್ಲಿ ಹುಟ್ಟಿ ಬೆಳೆದ ನಾವು ಲೈಫ್ ಜಾಕೆಟ್ಟಿನ ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದೆವು. ನಮ್ಮ ಊರುಗಳಲ್ಲಿ ಕಡಲು ಕೊಂಡೊಯ್ದವರ ಹೆಸರುಗಳು ನಮಗೆ ಬಾಯಿಪಾಠ.

ಮರುದಿನ ಬೆಳಿಗ್ಗೆ ಎದ್ದಾಗ ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಟೀಚರ್ ಗೆಳತಿ ಆಗಲೇ ಹತ್ತನೆಯ ಅಂತಸ್ತಿನ ಎಡಬದಿಯಲ್ಲಿ ಕುರ್ಚಿ ಹಿಡಿದು ಕುಳಿತಿದ್ದಳು. ತೊಡೆಯ ಮೇಲೆ ಒಂದು ನೋಟ್‌ಬುಕ್. ಕಾರವಾರ 14 ಡಿಗ್ರಿ 48 ಮಿನಿಟು, ಗೋಕರ್ಣ 14–33, ಕುಮಟಾ 14–25, ಹೊನ್ನಾವರ 14–17, ಭಟ್ಕಳ 13–59, ಹೀಗೆ ಮಂಗಳೂರಿನ 12–52ರವರೆಗೆ ಒಂದೊಂದೂರಿನ ಅಕ್ಷಾಂಶವನ್ನು ಮನೆಯಿಂದಲೇ ಬರೆದು ತಂದಿದ್ದಳು. ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಉಪಗ್ರಹಗಳನ್ನು ಹಿಡಿಯುತ್ತದೆ. ನಾವು ಎಲ್ಲಿದ್ದೇವೆ ಎಂಬುದು ಅಂಕಿಯಲ್ಲಿ ಕಾಣುತ್ತದೆ. ಅಕ್ಷಾಂಶದ ಒಂದು ಮಿನಿಟೆಂದರೆ ಒಂದು ನಾಟಿಕಲ್ ಮೈಲು. ಹಡಗಿನ ವೇಗ ಹದಿನಾರು ನಾಟ್, ಅಂದರೆ ಗಂಟೆಗೆ ಹದಿನಾರು ನಾಟಿಕಲ್ ಮೈಲು; ಗಂಟೆಗೆ ಹತ್ತಿರಹತ್ತಿರ ಅಷ್ಟೇ ಮಿನಿಟು ದಕ್ಷಿಣಕ್ಕೆ ಸರಿಯುತ್ತೇವೆ. ಇದನ್ನು ಅವಳು ವಿವರಿಸುವಾಗ ನಾವು ಮೂವರೂ ಹಿಂದಿನ ಬೆಂಚಿನ ಹುಡುಗಿಯರಾಗಿ ತಲೆಯಾಡಿಸಿದೆವು.

ಆಮೇಲೆ ಆಟವೊಂದು ತನ್ನಿಂದ ತಾನೇ ಶುರುವಾಯಿತು. ಯಾರ ಊರಿನ ಅಕ್ಷಾಂಶ ಬರುತ್ತದೆಯೋ ಅವರು ಮಾತಾಡಬೇಕು, ಉಳಿದವರು ನಡುವೆ ಬಾಯಿ ಹಾಕಬಾರದು.

14–48 ಬಂದಾಗ ಟೀಚರ್ ತನ್ನ ಅಜ್ಜನ ಕತೆ ಹೇಳಿದಳು. 1930ರ ದಶಕದಲ್ಲಿ, ಮೀಸೆ ಮೂಡುವ ಮೊದಲೇ, ಮುಂಬಯಿಯ ಹೋಟೆಲೊಂದರಲ್ಲಿ ಲೋಟ ತೊಳೆಯಲು ಹೋದ ಹುಡುಗ ಅವರು. ಆಗ ಘಟ್ಟ ಹತ್ತಿ ಇಳಿದು ಹೋಗುವುದಕ್ಕಿಂತ ಆಗಬೋಟೇ, ಅಂದರೆ ಉಗಿಹಡಗೇ, ಸಲೀಸು. ಬೋಟು ದೂರದಲ್ಲಿ ಲಂಗರು ಹಾಕುತ್ತಿತ್ತು, ಜನ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ರಾತ್ರಿಯಿಡೀ ತೆರೆದ ಡೆಕ್ಕಿನ ಮೇಲೆ, ಅಕ್ಕಿಮೂಟೆಗಳ ನಡುವೆ ನಿದ್ದೆ. ಮಳೆಗಾಲದಲ್ಲಿ ಸಂಚಾರವೇ ಬಂದ್. ಊರಿನಿಂದ ಸಾವಿನ ಸುದ್ದಿ ಬಂದರೂ ಬರುವ ದಾರಿಯಿಲ್ಲ. ಅಜ್ಜನ ತಾಯಿ ತೀರಿಕೊಂಡದ್ದು ಆಷಾಢದಲ್ಲಂತೆ. ಅವರು ಬಂದಿಳಿದದ್ದು ನವರಾತ್ರಿಯ ಹೊತ್ತಿಗೆ. "ಅವರು ಹೋದ ನೀರಿನ ಮೇಲೆ ಒಮ್ಮೆ ಹೋಗಬೇಕಿತ್ತು ನನಗೆ" ಎಂದು ಅವಳು ಹೇಳಿದಾಗ, ದುಡ್ಡಿನ ಲೆಕ್ಕ ಕೇಳಿದ್ದ ಬ್ಯಾಂಕಿನ ಗೆಳತಿ ಅವಳ ಕೈ ಹಿಡಿದುಕೊಂಡಳು.

ಕುಮಟೆಯ ಪಾಳಿ ಬರುವ ಹೊತ್ತಿಗೆ ಆ ಬ್ಯಾಂಕಿನವಳಿಗೇ ಹೊಟ್ಟೆ ತೊಳಸತೊಡಗಿತು. ನವೆಂಬರಿನ ಕಡಲು ಶಾಂತವಾಗಿದ್ದರೂ ಒಳಗೊಳಗೇ ಉದ್ದನೆಯ ಅಲೆಯಿತ್ತು. ಚಹಾ ತರುತ್ತಿದ್ದ ಹುಡುಗ ಅವಳ ಮುಖ ನೋಡಿದವನೇ ತಟ್ಟೆಯಲ್ಲಿ ಹಸಿರು ಸೇಬು ಕೊಯ್ದು ತಂದ. "ಅಕ್ಕ, ಇದನ್ನು ಸ್ವಲ್ಪ ಸ್ವಲ್ಪವೇ ತಿನ್ನಿ. ಕೆಳಗಿನ ಅಂತಸ್ತಿನಲ್ಲಿ ಹಡಗಿನ ನಡುಭಾಗಕ್ಕೆ ಹೋಗಿ ಕುಳಿತರೆ ತೂಗಾಟ ಕಡಿಮೆ. ಇಲ್ಲೇ ಇರುವುದಾದರೆ ಮೊಬೈಲ್ ನೋಡಬೇಡಿ, ದೂರದ ಗೆರೆ ನೋಡಿ" ಎಂದ. ಅಚ್ಚ ಕನ್ನಡ ಕೇಳಿ ನಾವೆಲ್ಲ ಅವನತ್ತ ತಿರುಗಿದೆವು. ಬೈಂದೂರಿನ ಹುಡುಗ. ತಿಂಗಳುಗಟ್ಟಲೆ ಒಂದೇ ಒಪ್ಪಂದ, ನಡುವೆ ರಜೆ ಇಲ್ಲ. ವಾರವಾರ ಈ ದಾರಿಯಲ್ಲೇ ಹೋಗಿ ಬರುತ್ತಿದ್ದರೂ ತನ್ನ ಊರು ಯಾವ ಹೊತ್ತಿಗೆ ದಾಟುತ್ತದೆಂಬುದು ಅವನಿಗೆ ತಿಳಿದಿರಲಿಲ್ಲ. ಅವನ ದಿನವೆಲ್ಲ ಅಡುಗೆಮನೆ ಮತ್ತು ಊಟದ ಮೇಜುಗಳ ನಡುವೆ ಕಳೆಯುತ್ತದೆ.

ಟೀಚರ್ ನೋಟ್‌ಬುಕ್ ತೆರೆದು ಬೈಂದೂರು 13–52 ಎಂದು ಬರೆದು, "ಮಧ್ಯಾಹ್ನ ಒಂದು ಮುಕ್ಕಾಲಿಗೆ ಬಾ" ಎಂದಳು.

ಹೊನ್ನಾವರದ ಅಕ್ಷಾಂಶದಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಶರಾವತಿಯ ಅಳಿವೆಯಲ್ಲಿ ನಿಂತು, ರಾತ್ರಿ ದೂರದಲ್ಲಿ ಸಾಗುವ ಹಡಗುಗಳ ದೀಪ ಎಣಿಸುತ್ತಿದ್ದ ತಮ್ಮನ ಬಗ್ಗೆ ಹೇಳಿದೆ. ಆ ದೀಪಗಳ ಕೆಳಗೆ ಯಾರಿರುತ್ತಾರೆ ಎಂದು ಕೇಳಿ ಕೇಳಿ ಅವನು ನನ್ನನ್ನು ಸಾಕುಮಾಡುತ್ತಿದ್ದ. ಹದಿನೇಳರಲ್ಲೇ ಜ್ವರ ಬಂದು ಹೋಗಿಬಿಟ್ಟ. ಈ ಗೆಳತಿಯರೇ ಆಗ ನನ್ನ ಜೊತೆ ಹಾಸ್ಟೆಲಿನಲ್ಲಿ ರಾತ್ರಿ ಕುಳಿತವರು. ಅವನ ಹೆಸರನ್ನು ನಾವು ನಾಲ್ವರೂ ಒಟ್ಟಿಗಿದ್ದಾಗ ಅದೆಷ್ಟೋ ಕಾಲದಿಂದ ಆಡಿರಲಿಲ್ಲ. ಅವತ್ತು ಊಟದ ಗಂಟೆ ಮೀರುವವರೆಗೂ ಆಡಿದೆವು. ಅವನು ಹಾಡುತ್ತಿದ್ದ ಯಕ್ಷಗಾನದ ಪದವೊಂದು ಭಟ್ಕಳದವಳಿಗೆ ಇನ್ನೂ ನೆನಪಿತ್ತು.

ಒಂದು ಮುಕ್ಕಾಲಿಗೆ ಸರಿಯಾಗಿ ಹುಡುಗ ಬಂದ. ಪ್ರಯಾಣಿಕರ ಜಾಗದಲ್ಲಿ ಕೆಲಸವಿಲ್ಲದೆ ನಿಲ್ಲುವಂತಿಲ್ಲ, ಅದಕ್ಕೇ ನಾವು ನಾಲ್ಕು ಚಹಾ ಹೇಳಿದ್ದೆವು. ಹತ್ತನೆಯ ಅಂತಸ್ತಿನ ಎತ್ತರ ಮೂವತ್ತು ಮೀಟರ್ ಎಂದುಕೊಂಡರೂ ಅಲ್ಲಿಂದ ದಿಗಂತ ಸುಮಾರು ಇಪ್ಪತ್ತು ಕಿಲೋಮೀಟರ್ ಅಷ್ಟೇ, ದಡ ಅದರಾಚೆ. ಆದರೆ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ, ಗಾಳಿ ತಿಳಿಯಾಗಿದ್ದರೆ ತುದಿ ಕಾಣಬೇಕು ಎಂದು ಟೀಚರ್ ಬೆರಳು ತೋರಿಸಿದಳು. ನನಗೆ ಕಂಡದ್ದು ಬೂದು ಮಬ್ಬು ಮಾತ್ರ. ಹುಡುಗ ಟ್ರೇಯನ್ನು ಎದೆಗೊತ್ತಿಕೊಂಡು ಕಣ್ಣು ಕಿರಿದು ಮಾಡಿ ನೋಡಿದ. ಟ್ರೇಯ ಅಂಚು ಹಿಡಿದ ಅವನ ಹೆಬ್ಬೆರಳಿಗೆ ನೀಲಿ ಪ್ಲಾಸ್ಟರ್ ಸುತ್ತಿತ್ತು, ಉಗುರು ನೀರಿನಲ್ಲಿ ನೆಂದು ಬಿಳಿಚಿತ್ತು. "ಕಂಡಿತು ಅಕ್ಕ" ಎಂದ. ಕಂಡಿರಬೇಕು. ಹುಟ್ಟಿದಾಗಿನಿಂದ ಆ ಬೆಟ್ಟ ನೋಡಿದ ಕಣ್ಣು ಅದು. ಭಟ್ಕಳದವಳು ಅವನ ಫೋಟೋ ತೆಗೆದುಕೊಂಡು, ಮನೆ ಎಲ್ಲಿ ಎಂದು ವಿಚಾರಿಸಿಟ್ಟುಕೊಂಡಳು.

ಸಂಜೆ ಮಂಗಳೂರು ದಾಟಿದೆವು. ಕೊಚ್ಚಿಯ ಬಗ್ಗೆ ಹೇಳಲು ವಿಶೇಷವಿಲ್ಲ; ಬಸ್ಸಿನಲ್ಲಿ ಕೂರಿಸಿ ಸುತ್ತಿಸಿ ಕರೆತಂದರು.

ಕೊಚ್ಚಿಯ ನಂತರ ಲಕ್ಷದ್ವೀಪ. ಅಲ್ಲಿಯ ಅಗತ್ತಿಯಲ್ಲಿ ಹಡಗು ಹವಳದ ದಿಬ್ಬದಾಚೆ ನಿಲ್ಲುತ್ತದೆ, ಒಳಗಿನ ಲಗೂನ್ ಆಳವಿಲ್ಲ. ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ಬೋಟಿಗೆ ಇಳಿಯಬೇಕು. ಅಲೆಯೊಂದಿಗೆ ಬೋಟು ಮೇಲೆ ಬಂದ ಕ್ಷಣವೇ ಕಾಲಿಡಬೇಕು. ಬೋಟಿನವರು ಬೆರಳು ಹಿಡಿಯುವುದಿಲ್ಲ, ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿಯುತ್ತಾರೆ. ಅಜ್ಜ ಆಗಬೋಟು ಹತ್ತಿದ್ದೂ ಹೀಗೇ ಇರಬೇಕು ಎಂದಳು ಟೀಚರ್. ಮೊದಲು ಇಳಿದವಳೂ ಅವಳೇ.

ದ್ವೀಪದಲ್ಲಿ ಎಳನೀರು ಕೊಟ್ಟ ಹಿರಿಯರಿಗೆ ನಾವು ಕರ್ನಾಟಕದವರೆಂದು ಗೊತ್ತಾದ ಕೂಡಲೇ ಮುಖ ಅರಳಿತು. ಮಂಗಳೂರಿನ ಬಂದರು ಗಲ್ಲಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹಾಯಿಹಡಗಿನಲ್ಲಿ ಕೊಬ್ಬರಿ, ನಾರು ಒಯ್ದು ಅಕ್ಕಿ ತರುತ್ತಿದ್ದ ಕಾಲವನ್ನು ಮಲಯಾಳ ಬೆರೆಸಿ ವಿವರಿಸಿದರು. ಇಲ್ಲಿಯ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಗತ್ತಿ ಮಲಬಾರಿನ ಪಾಲಿನಲ್ಲಿತ್ತು. ಇಂದಿಗೂ ಇಲ್ಲಿಗೆ ಬೇಕಾದ ಜಲ್ಲಿ, ಸಿಮೆಂಟು, ತರಕಾರಿ ಮಂಗಳೂರಿನ ಹಳೆ ಬಂದರಿನಿಂದ ಬರುತ್ತದೆ. ಆದರೆ ನಾವು, ಕರಾವಳಿಯವರು, ಮುಂಬಯಿಗೆ ಹೋಗಿ ಹಡಗು ಹತ್ತಿ ಬಂದಿದ್ದೆವು. ಚಳಿಗಾಲದಲ್ಲಿ ಪಣಂಬೂರಿಗೆ, ಅಂದರೆ ಮಂಗಳೂರಿನ ಹೊಸ ಬಂದರಿಗೆ, ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ, ಆ ಜನ ಇಳಿದು ಮೂಡುಬಿದಿರೆಯ ಬಸದಿ ನೋಡಿ ಹೋಗುತ್ತಾರೆ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ವೇಗದ ಪ್ರಯಾಣಿಕ ಹಡಗೊಂದು ಮಂಗಳೂರಿಗೆ ಬಂದಿತ್ತು. ಅದು ಬಸ್ಸಿನಂತೆ ನಿತ್ಯ ಓಡಬೇಕು. ಒಂದು ಕಾಲಕ್ಕೆ ನಮ್ಮ ಪ್ರತಿ ಬಂದರಿನಿಂದಲೂ ಜನ ಹಡಗು ಹತ್ತುತ್ತಿದ್ದರು ಎಂಬುದು ನಮ್ಮ ಮಕ್ಕಳಿಗೆ ಕತೆಯಾಗಿ ಉಳಿಯುವುದು ನನಗೆ ಒಪ್ಪಿಗೆಯಿಲ್ಲ.

ಊರಿಗೆ ಬಂದ ಮೇಲೆ ಭಟ್ಕಳದವಳು ಮಾತು ಉಳಿಸಿಕೊಂಡು ಬೈಂದೂರಿಗೆ ಹೋದಳು. ಹುಡುಗನ ತಾಯಿ ಫೋಟೋ ನೋಡಿ, ಬಡವಾಗಿದ್ದಾನೆ ಎಂದರಂತೆ. ವಾರಕ್ಕೊಮ್ಮೆ ಮಗ ಇದೇ ಕಡಲಿನಲ್ಲಿ ಹಾದುಹೋಗುತ್ತಾನೆಂದು ತಿಳಿದಾಗ, "ಇಷ್ಟು ಹತ್ತಿರ ಬಂದವನು ಮಲ್ಪೆಯಲ್ಲಾದರೂ ಇಳಿಯಬಾರದೇ?" ಎಂದು ಕೇಳಿದರಂತೆ. ಮಲ್ಪೆ ಮೀನುಗಾರಿಕೆ ಬಂದರು, ಅಂಥ ದೊಡ್ಡ ಹಡಗು ಅಲ್ಲಿಗೆ ಬರಲಾರದು, ಬಂದರೆ ಪಣಂಬೂರಿಗೇ ಬರಬೇಕು ಎಂದು ಇವಳು ಬಿಡಿಸಿ ಹೇಳಿದಳು.

"ಹಾಗಾದರೆ ಪಣಂಬೂರಿಗೇ ಬರಲಿಕ್ಕೆ ಹೇಳಿ" ಎಂದರು ಆ ತಾಯಿ.