ಹೇಗೂ ಸಿಸೇರಿಯನ್ ತಾನೇ, ಎರಡು ವಾರ ಮುಂಚೆ ಮಾಡಿದ್ರೆ ಏನು ಮೇಡಂ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಬಸುರಿಯಲ್ಲ, ಜೊತೆಗೆ ಬಂದ ಅತ್ತೆ ಅಥವಾ ಅಮ್ಮ. ಮೊದಲನೆಯದು ಸಿಸೇರಿಯನ್ ಆಗಿರುತ್ತದೆ, ಎರಡನೆಯದೂ ಅದೇ ಅಂತ ತೀರ್ಮಾನವಾಗಿರುತ್ತದೆ. ಕೈಯಲ್ಲಿ ಜೋಯಿಸರ ಚೀಟಿ. "ಮೂಲಾ ಬೇಡ, ಆಶ್ಲೇಷಾ ಬೇಡ, ಈ ಗುರುವಾರ ಬೆಳಿಗ್ಗೆ ಚೆನ್ನಾಗಿದೆಯಂತೆ. ಒಂಬತ್ತಕ್ಕೆ ಬಿದ್ದಾಯ್ತಲ್ಲ ಮೇಡಂ, ಮಗು ಬೆಳೆದಿರುತ್ತೆ ಅಲ್ವಾ?" ಇತ್ತೀಚೆಗೆ ಇನ್ನೊಂದು ಕಾರಣ ಸೇರಿಕೊಂಡಿದೆ: ಜೂನ್ 1. ಒಂದನೇ ತರಗತಿಗೆ ಸೇರಲು ಆ ದಿನಕ್ಕೆ ಆರು ವರ್ಷ ತುಂಬಿರಬೇಕಲ್ಲ, ಹಾಗಾಗಿ ಜೂನ್ ಎರಡನೇ ವಾರ ಹೆರಿಗೆ ಡೇಟ್ ಇರುವವರು ಮೇ ಕೊನೆಯಲ್ಲೇ ಮಾಡಿಕೊಡಿ ಅನ್ನುತ್ತಾರೆ. ಇನ್ನೂ ಹುಟ್ಟದ ಮಗುವಿಗೆ ಆಗಲೇ ಸ್ಕೂಲಿಗೆ ಲೇಟಾಗುತ್ತಿದೆ!

ನನ್ನ ಉತ್ತರ ಇಷ್ಟೇ. ತೊಂದರೆ ಏನೂ ಇಲ್ಲದಿದ್ದರೆ, ಕೊನೆಯ ಮುಟ್ಟಿನ ದಿನದಿಂದ ಎಣಿಸಿ 39 ವಾರ ತುಂಬಲಿ. ಅಲ್ಲಿಂದ 40ರವರೆಗೆ ಏಳು ದಿನ ಸಿಗುತ್ತವೆ. ನಕ್ಷತ್ರ ಹೆಚ್ಚುಕಡಿಮೆ ದಿನಕ್ಕೊಂದು ಬದಲಾಗುತ್ತದೆ. ಅದರಲ್ಲಿ ಒಂದನ್ನು ಆರಿಸಿಕೊಳ್ಳಿ, ನನ್ನ ತಕರಾರಿಲ್ಲ. ನಾನು ಜಗಳ ಆಡುವುದು ಪಂಚಾಂಗದ ಜೊತೆ ಅಲ್ಲ, ಲೆಕ್ಕದ ಜೊತೆ.

ಒಂಬತ್ತಕ್ಕೆ ಬಿತ್ತು ಅಂದರೆ ಎಂಟು ತಿಂಗಳು ಮುಗಿದಿದೆ ಅಂತ. ವಾರದ ಲೆಕ್ಕದಲ್ಲಿ ಅದು ಸುಮಾರು 35. ಮೊದಲೆಲ್ಲ 37 ದಾಟಿದರೆ ದಿನ ತುಂಬಿತು ಅಂತ ನಾವು ಡಾಕ್ಟರುಗಳೇ ಹೇಳುತ್ತಿದ್ದೆವು. 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ಆ ಗೆರೆಯನ್ನೇ ಬದಲಿಸಿತು. 37 ಮತ್ತು 38ನೇ ವಾರದ್ದು ದಿನ ತುಂಬುವ ಮುಂಚಿನ ಹಂತ, ಪೂರ್ತಿ ತುಂಬುವುದು 39ಕ್ಕೆ ಅಂತ ಬೇರೆ ಮಾಡಿತು. ಇದರ ಮೇಲೆ ಡೇಟ್‌ನ ಗೊಂದಲ ಬೇರೆ. ಮೂರು ಸ್ಕ್ಯಾನ್‌ನಲ್ಲಿ ಮೂರು ಡೇಟ್ ಬರುತ್ತದೆ, ಮನೆಯವರು ತಮಗೆ ಬೇಕಾದ್ದನ್ನು ಹಿಡಿದುಕೊಳ್ಳುತ್ತಾರೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಹೇಳುವ ಡೇಟ್ ತಪ್ಪಿದರೂ ಒಂದು ವಾರದ ಒಳಗೆ. ಕೊನೆಯ ತಿಂಗಳುಗಳ ಸ್ಕ್ಯಾನ್ ಮೂರು ವಾರದವರೆಗೂ ತಪ್ಪಬಹುದು. ಆ ಸ್ಕ್ಯಾನ್ ನಂಬಿ 37 ಅಂತ ಹೊಟ್ಟೆ ಕೊಯ್ದರೆ ಮಗು ನಿಜಕ್ಕೂ 35ರದ್ದಾಗಿರಬಹುದು. ಅದಕ್ಕೇ ತಾಯಿ ಕಾರ್ಡ್‌ನಲ್ಲಿ ಕೊನೆಯ ಮುಟ್ಟಿನ ದಿನ ಬರೆಸಿ, ಮೊದಲ ಸ್ಕ್ಯಾನ್‌ನ ಹಾಳೆ ಕಳೆಯಬೇಡಿ ಅಂತ ನಾನು ಬಡಕೊಳ್ಳುವುದು.

ಎರಡು ವಾರದಲ್ಲಿ ಏನು ಮಹಾ ವ್ಯತ್ಯಾಸ? 2009ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಬಂತು. ನಮ್ಮ ಅತ್ತೆಯಂದಿರ ಪ್ರಶ್ನೆಯನ್ನೇ ಅದು ಕೇಳಿತ್ತು ಅನ್ನಬಹುದು: ಹಿಂದೆ ಸಿಸೇರಿಯನ್ ಆದವರು, ಮತ್ತೆ ಸಿಸೇರಿಯನ್, ಬೇಗ ಮಾಡಲು ವೈದ್ಯಕೀಯ ಕಾರಣ ಇಲ್ಲ. 37ನೇ ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ ಶೇ. 15.3ರಷ್ಟಕ್ಕೆ ಉಸಿರಾಟದ ತೊಂದರೆ, ಸಕ್ಕರೆ ಇಳಿಯುವುದು, ಸೋಂಕು, ಐಸಿಯುಗೆ ಸೇರುವುದು, ಹೀಗೆ ಏನಾದರೊಂದು ಆಗಿತ್ತು. 38ರಲ್ಲಿ ಶೇ. 11, 39ರಲ್ಲಿ ಶೇ. 8. ಅಂದರೆ 37ರಲ್ಲಿ ಅಪಾಯ ಹತ್ತಿರ ಹತ್ತಿರ ಎರಡರಷ್ಟು. ತೂಕ ಮೂರು ಕೆಜಿ ಇದೆ ಅಂದ ಮಾತ್ರಕ್ಕೆ ಶ್ವಾಸಕೋಶ ತಯಾರಿದೆ ಅಂತಲ್ಲ. ಹೊಟ್ಟೆಯೊಳಗೆ ಅದರ ತುಂಬ ನೀರಿರುತ್ತದೆ, ನೋವು ಶುರುವಾದಾಗ ಏಳುವ ಹಾರ್ಮೋನುಗಳು ಅದನ್ನು ಖಾಲಿ ಮಾಡಿಸುತ್ತವೆ. ನೋವೇ ಬರದೆ, ಅದರಲ್ಲೂ ಎರಡು ವಾರ ಮುಂಚೆ ಹೊರತೆಗೆದ ಮಗು ಬುಸುಬುಸು ಉಸಿರಾಡುತ್ತದೆ. ಹೆಚ್ಚಿನವು ಎರಡು ಮೂರು ದಿನದಲ್ಲಿ ಸುಧಾರಿಸುತ್ತವೆ, ನಿಜ. ಆದರೆ ಅಷ್ಟೂ ದಿನ ತಾಯಿ ಒಂದು ಕಡೆ, ಪೆಟ್ಟಿಗೆಯಲ್ಲಿರುವ ಮಗು ಇನ್ನೊಂದು ಕಡೆ, ಎದೆಹಾಲು ಇಳಿಯುವುದಿಲ್ಲ, ಬಿಲ್ ಏರುತ್ತದೆ. ಆಮೇಲೆ ಕಾಮಾಲೆ ಅಂತ ಲೈಟ್ ಕೆಳಗೆ. ಒಳ್ಳೆ ನಕ್ಷತ್ರದಲ್ಲೇ ಹುಟ್ಟಿರುತ್ತದೆ ಪಾಪ.

ಹಾಗಂತ ತಪ್ಪೆಲ್ಲ ಮನೆಯವರ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ದಿನ ಗೊತ್ತುಮಾಡಿದ ಸಿಸೇರಿಯನ್ ಆಸ್ಪತ್ರೆಗೂ ಅನುಕೂಲ. ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಡಾಕ್ಟರ್ ಒಬ್ಬರೇ. ಅರಿವಳಿಕೆ ತಜ್ಞರು ಮೂರು ಕಡೆ ಓಡಾಡುತ್ತಿರುತ್ತಾರೆ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರನ್ನು ಎಬ್ಬಿಸುವುದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಸಿಸೇರಿಯನ್ ಅಂದರೆಲ್ಲ ಬೇಗ ಮಾಡಿದ್ದು ಅಂತಲ್ಲ. ಆದರೆ ದಿನ ಆರಿಸುವ ಅವಕಾಶ ಎಲ್ಲಿ ಜಾಸ್ತಿಯೋ, ದಿನ ಹಿಂದಕ್ಕೆ ಸರಿಯುವ ಆಸೆಯೂ ಅಲ್ಲೇ ಜಾಸ್ತಿ.

ಇದನ್ನು ಕಮ್ಮಿ ಮಾಡಿದವರ ಅನುಭವ ನನಗೆ ತುಂಬ ಹಿಡಿಸಿತು. 39ಕ್ಕಿಂತ ಮುಂಚೆ ಸುಮ್ಮಸುಮ್ಮನೆ ಹೆರಿಗೆ ಮಾಡಬೇಡಿ ಅಂತ ಅಮೆರಿಕದಲ್ಲಿ 1979ರಿಂದಲೇ ಸಲಹೆ ಇತ್ತು. ದಶಕಗಟ್ಟಲೆ ಅದನ್ನು ಕೇಳಿದವರು ಕಮ್ಮಿ. ಕೊನೆಗೆ ಎಚ್‌ಸಿಎ ಅನ್ನುವ ಖಾಸಗಿ ಆಸ್ಪತ್ರೆಗಳ ಸಮೂಹದ 27 ಆಸ್ಪತ್ರೆಗಳಲ್ಲಿ ಮೂರು ದಾರಿ ಹಿಡಿದು ನೋಡಿದರು. ಕೆಲವು ಕಡೆ ಡಾಕ್ಟರುಗಳಿಗೆ ತಿಳಿವಳಿಕೆ ಮಾತ್ರ: ಇಂಥ ಹೆರಿಗೆ ಶೇ. 10.9ರಿಂದ 6ಕ್ಕೆ ಇಳಿಯಿತು. ಕೆಲವು ಕಡೆ ಪಾಲಿಸುವುದು ಡಾಕ್ಟರಿಗೆ ಬಿಟ್ಟದ್ದು, ಪಾಲಿಸದಿದ್ದರೆ ಆಮೇಲೆ ವಿಚಾರಣೆ: 8.4ರಿಂದ 3.3ಕ್ಕೆ. ಮೂರನೇ ಗುಂಪಿನಲ್ಲಿ ಬುಕ್ ಮಾಡುವ ಸಿಬ್ಬಂದಿಗೇ ಅಧಿಕಾರ ಕೊಟ್ಟರು. ವಾರ 39 ಆಗಿಲ್ಲ, ಕಾರಣವೂ ಇಲ್ಲ ಅಂದರೆ ಎಷ್ಟೇ ದೊಡ್ಡ ಡಾಕ್ಟರ್ ಫೋನ್ ಮಾಡಿದರೂ ಆಪರೇಷನ್ ಥಿಯೇಟರ್ ಸಿಗುವುದಿಲ್ಲ. ಅಲ್ಲಿ 8.2ರಿಂದ 1.7ಕ್ಕೆ ಬಂತು. 27 ಆಸ್ಪತ್ರೆಗಳನ್ನು ಒಟ್ಟಾಗಿ ನೋಡಿದಾಗ ಐಸಿಯುಗೆ ಹೋಗುವ ಮಕ್ಕಳು ಕಮ್ಮಿಯಾದರು. ಕಾದದ್ದರಿಂದ ಹೊಟ್ಟೆಯಲ್ಲೇ ಮಗು ಸಾಯುವುದು ಹೆಚ್ಚಾಗಲಿಲ್ಲ. 2011ರಲ್ಲಿ ಟೆಕ್ಸಸ್ ರಾಜ್ಯದ ಸರ್ಕಾರಿ ವಿಮೆ ಇಂಥ ಹೆರಿಗೆಗೆ ದುಡ್ಡು ಕೊಡುವುದನ್ನೇ ನಿಲ್ಲಿಸಿತು.

ನಮ್ಮಲ್ಲೂ ಇದಕ್ಕೆ ಹೊಸ ಮಿಷನ್ ಏನೂ ಬೇಕಿಲ್ಲ. ಥಿಯೇಟರ್ ಪುಸ್ತಕದಲ್ಲಿ ಎರಡು ಕಾಲಂ ಸಾಕು: ಮೊದಲ ಸ್ಕ್ಯಾನ್ ಪ್ರಕಾರ ಎಷ್ಟು ವಾರ, ಯಾಕೆ ಈಗ. ಜೊತೆಗೆ "ಆಗಲ್ಲ ಡಾಕ್ಟ್ರೇ" ಅಂದ ಸಿಸ್ಟರ್‌ಗೆ ಆಮೇಲೆ ಬೈಗುಳ ಬೀಳಬಾರದು. ಎರಡನೆಯದೇ ಕಷ್ಟ ಅಂತ ನನಗೂ ಗೊತ್ತು.

ಇನ್ನು, ಬೇಗ ಮಾಡುವುದೆಲ್ಲ ತಪ್ಪು ಅಂತ ಯಾರೂ ಓದಿಕೊಳ್ಳಬೇಡಿ. ಬಿಪಿ ಏರಿದ್ದರೆ, ಮಗುವಿನ ಬೆಳವಣಿಗೆ ನಿಂತಿದ್ದರೆ, ಕಸ (ಮಾಸು, ಅಂದರೆ ಪ್ಲಾಸೆಂಟಾ) ಗರ್ಭಕೋಶದ ಬಾಯಿಯ ಹತ್ತಿರ ಕೆಳಗಿದ್ದರೆ, ಒಂದೇ ಕಸ ಹಂಚಿಕೊಂಡ ಅವಳಿಯಾದರೆ, ಶುಗರ್ ಹಿಡಿತಕ್ಕೆ ಸಿಗದಿದ್ದರೆ 39ಕ್ಕೆ ಕಾಯುವುದೇ ಅಪಾಯ. ಡಾಕ್ಟರ್ 37 ಅಂದರೆ "ಯಾಕೆ, ಕಾದರೆ ಏನಾಗಬಹುದು?" ಅಂತ ನೇರವಾಗಿ ಕೇಳಿ. ಕಾರಣ ಇದ್ದರೆ ಒಂದು ನಿಮಿಷದಲ್ಲಿ ಹೇಳುತ್ತಾರೆ. ಕಾಯುವ ಆ ಎರಡು ವಾರದಲ್ಲಿ ಮಗುವಿನ ಓಡಾಟ ಕಮ್ಮಿ ಅನಿಸಿದರೆ, ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ನೋವು ಶುರುವಾದರೆ, ಕೊಟ್ಟ ಡೇಟ್ ಇನ್ನೂ ಬಂದಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಅಮಾವಾಸ್ಯೆ ಆದರೂ ಸರಿ, ಆ ಕ್ಷಣವೇ ಬನ್ನಿ.