ಟ್ರೈಲೊಬೈಟ್ ಕಲಿಕೆ, ಮೂರನೇ ತಿಂಗಳು: ಕೆನ್ನೆ ಇಲ್ಲದ ಕಲ್ಲು

ಮೂರನೇ ಕಲ್ಲಿನ ಗುರುತು ನಿನ್ನೆ ರಾತ್ರಿ ಸಿಕ್ಕಿತು! ಲೇಬಲ್ ಇಲ್ಲದೆ ಬಂದು, ಎರಡು ವಾರದಿಂದ ಧಾರವಾಡದ ನಮ್ಮ ಮನೆಯ ಟೇಬಲ್ ಮೇಲೆ ಕೂತಿದ್ದ ಟ್ರೈಲೊಬೈಟ್ ಅದು, ಅಂದರೆ ಎಂದೋ ಅಳಿದುಹೋದ, ಗಟ್ಟಿ ಚಿಪ್ಪಿನ ಸಮುದ್ರಜೀವಿಯೊಂದರ ಪಳೆಯುಳಿಕೆ.

ನನ್ನ ಹತ್ತಿರ ಇರುವುದು ಮೂರೇ, ಮೂರೂ ಹೊರಗಿಂದ ತರಿಸಿದವು. "ನಮ್ಮ ಕಪ್ಪತಗುಡ್ಡದಾಗ ಸಿಗೂದಿಲ್ಲೇನು?" ಅಂತ ಗದಗಿನ ಗೆಳೆಯ ಕೇಳಿದ. ಸಿಗುವುದಿಲ್ಲ. ಆ ಕಲ್ಲಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು, ಟ್ರೈಲೊಬೈಟ್ ಕಾಣಿಸಿಕೊಂಡಿದ್ದು ಸುಮಾರು 52 ಕೋಟಿ ವರ್ಷದ ಹಿಂದೆ. ನಮ್ಮ ದೇಶದಲ್ಲಿ ನೋಡಬೇಕೆಂದರೆ ಸ್ಪಿತಿ, ಕಾಶ್ಮೀರದ ಕಡೆ ಹೋಗಬೇಕು.

ಶುರುವಿನಲ್ಲಿ ಹೆಸರನ್ನೇ ತಪ್ಪು ತಿಳಿದಿದ್ದೆ. ಟ್ರೈಲೊಬೈಟ್ ಅಂದರೆ ಮೂರು ಹಾಲೆಯದು, ಅಂದರೆ ಮೂರು ಭಾಗದ್ದು. ತಲೆ, ಎದೆ, ಬಾಲ, ಇವೇ ಆ ಮೂರು ಹಾಲೆ ಅಂದುಕೊಂಡಿದ್ದೆ. ಅಲ್ಲ, ಭಾಗ ಮಾಡಬೇಕಾದ್ದು ಉದ್ದಕ್ಕೆ: ನಡುವೆ ಉಬ್ಬಿದ ದಿಂಡು, ಅದರ ಎಡಕ್ಕೊಂದು ಬಲಕ್ಕೊಂದು.

ಆಮೇಲೆ ಎದೆಯ ಪಟ್ಟಿ ಎಣಿಸುವುದು ಕಲಿತೆ. ಇದು ತುಂಬಾ ಉಪಯೋಗದ ಕೆಲಸ. ಟ್ರೈಲೊಬೈಟ್‌ಗಳಲ್ಲೇ ಅಗ್ನಾಸ್ಟಿಡ್ ಅನ್ನುವ ಗುಂಪಿಗೆ ಬರೀ 2, ಫೇಕಾಪ್ಸ್ ಅನ್ನುವುದಕ್ಕೆ 11. ಆದರೆ ಪಟ್ಟಿಯನ್ನಷ್ಟೇ ನಂಬಿದರೆ ಮೋಸ ಹೋಗುತ್ತೇವೆ. ನನ್ನ ಮೊದಲ ಕಲ್ಲು, ಅಮೆರಿಕದ ಯೂಟಾದಿಂದ ಬಂದ ಎಲ್ರೇಥಿಯಾ ಕಿಂಗಿ, ಅದಕ್ಕೆ 13. ಎರಡನೆಯದು ಫ್ಲೆಕ್ಸಿಕ್ಯಾಲಿಮೀನ್, ಅದಕ್ಕೂ 13, ಆದರೆ ಎರಡೂ ಬೇರೆ ಬೇರೆ ಗುಂಪಿನವು.

ಮೂರನೆಯದಕ್ಕೂ 13 ಬಂತು. ಮೈ ಚಪ್ಪಟೆ, ಬಾಲ ಚಿಕ್ಕದು, ಎಲ್ಲಾ ಎಲ್ರೇಥಿಯಾ ಥರಾನೇ. ತಲೆ ಮಾತ್ರ ಹೊಂದಲಿಲ್ಲ. ಇದರದು ಕಿರಿದು, ಎರಡೂ ಪಕ್ಕ ಕಚ್ಚಿ ತೆಗೆದ ಹಾಗೆ, ಹಿಂದಿನ ಮೂಲೆಯಲ್ಲಿ ಮುಳ್ಳೂ ಇಲ್ಲ. ಬೇರೆ ಜಾತಿ ಅಂತಲೇ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ.

ನಿನ್ನೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಟೇಬಲ್‌ಗೆ ಒರಗಿಸಿ ಅಡ್ಡಬೆಳಕು ಬಿಟ್ಟು, ಹುಬ್ಬಳ್ಳಿಯಲ್ಲಿ ಕೊಂಡ ಪತ್ತಾರರ ಲೆನ್ಸ್‌ನಲ್ಲಿ ಮೊದಲ ಕಲ್ಲಿನ ತಲೆ ನೋಡುತ್ತಿದ್ದೆ. ಕಣ್ಣಿನ ಪಕ್ಕದಿಂದ ಹಿಂದಿನ ಅಂಚಿಗೆ ಕೂದಲೆಳೆಯಂಥ ಒಂದು ಗೆರೆ. ಅದು ಹೊಲಿಗೆ. ಪೊರೆ ಬಿಡುವಾಗ ತಲೆ ಬಿಚ್ಚಿಕೊಳ್ಳುವುದು ಅಲ್ಲೇ, ಆಗ ಎರಡೂ ಕೆನ್ನೆ ಕಳಚಿ ಬೇರೆಯಾಗುತ್ತವೆ. ಆ ಗೆರೆಗೆ ಸರಿಯಾಗಿ ಎರಡು ಚೂರು ಕಾಗದ ಕತ್ತರಿಸಿ ಮೊದಲ ಕಲ್ಲಿನ ಕೆನ್ನೆ ಮುಚ್ಚಿದೆ. ಮೂರನೆಯದನ್ನು ಪಕ್ಕಕ್ಕಿಟ್ಟೆ. ಅದೇ ತಲೆ, ಒಂದಿಷ್ಟೂ ವ್ಯತ್ಯಾಸ ಇಲ್ಲ! ಇದೂ ಎಲ್ರೇಥಿಯಾನೇ, ಬಹುಶಃ ಅದು ಬಿಟ್ಟುಹೋದ ಪೊರೆ. ಸುಮಾರು 50 ಕೋಟಿ ವರ್ಷದ ಹಿಂದೆ ಒಂದು ಪ್ರಾಣಿ ಮೈ ಕೊಡವಿ ಇದರಿಂದ ಹೊರಬಂದು ಮುಂದೆ ಹೋಗಿರಬೇಕು, ಅಲ್ವಾ? ಅವ್ವನನ್ನು ಕರೆದು ತೋರಿಸಿದೆ. ಆಕೆಯೂ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದಳು.

ಹಾಗಾಗಿ ಈಗ ನನ್ನ ಕ್ರಮ ಬದಲಾಗಿದೆ. ಮೊದಲು ಹೊಲಿಗೆ ಹುಡುಕುತ್ತೇನೆ, ಕೆನ್ನೆ ಇದೆಯೋ ಇಲ್ಲವೋ ನೋಡುತ್ತೇನೆ, ಪಟ್ಟಿ ಎಣಿಸುವುದು ಆಮೇಲೆ. ಫ್ಲೆಕ್ಸಿಕ್ಯಾಲಿಮೀನ್‌ನಲ್ಲಿ ಹೊಲಿಗೆ ತಲೆಯ ಹಿಂದಿನ ಮೂಲೆಗೇ ಬಂದು ಮುಗಿಯುತ್ತದೆ. ನನ್ನದು ಉಂಡೆಯಾಗಿ ಸುತ್ತಿಕೊಂಡಿದೆ, ಮೂಲೆಗೆ ಇನ್ನೂ ಮಣ್ಣು ಮೆತ್ತಿದೆ. ಭಾನುವಾರ ಮೆತ್ತನೆ ಬ್ರಷ್ ಹಿಡಿದು ಕೂರಬೇಕು.